ಆಪಾ ಕಟ್ಟಿದ ಮನಿತನಗಳು

ಆಪಾ ಅವರ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಸದಾ ಒಂದಿಷ್ಟು ನೀಲಿ ಪುಡಿ. ರೊಟ್ಟಿಯ ಹಿಟ್ಟಿಗೆ ಕೈ ಹಾಕುವ ಮುಂಚೆ ಅವರು ಬೇವಿನ ಕಡ್ಡಿಯಿಂದ ಅದನ್ನು ಬಿಡಿಸಿ ತೆಗೆದು, ಕೈ ತೊಳೆದು, ಕಿಟಕಿಯ ಬೆಳಕಿಗೆ ಬೆರಳು ಹಿಡಿದು ನೋಡುತ್ತಿದ್ದರು. ಮರುದಿನ ಸಂಜೆಗೆ ಮತ್ತೆ ಅಷ್ಟೇ ನೀಲಿ.

ಅದು ಚಾಕ್‌ಪೀಸಿನ ಬಣ್ಣ. ಶಹಾಪುರದಲ್ಲಿ ನಮ್ಮ ಮನೆಗೆ ಹತ್ತಿದ ಮನೆ ಅವರದು. ನಡುವೆ ಒಂದೇ ಗೋಡೆ. ವನದುರ್ಗದ ಹಾದಿಯಲ್ಲಿರುವ ಒಂದು ಹಳ್ಳಿಯ ಸರಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಅವರ ತಂಗಿ ಅವರನ್ನು ‘ಆಪಾ’ ಎಂದು ಕರೆಯುತ್ತಿದ್ದಳು. ಅದನ್ನು ಕೇಳಿ ಓಣಿಯ ಮಕ್ಕಳು ಕರೆದರು, ಮಕ್ಕಳನ್ನು ಕೇಳಿ ದೊಡ್ಡವರು ಕರೆದರು. ಅವರಿಗಿಂತ ಎಷ್ಟೋ ದೊಡ್ಡವಳಾದ ನಮ್ಮ ಅಜ್ಜಿ ಕೂಡ ಕಟ್ಟೆಯ ಮೇಲಿಂದ “ಆಪಾ, ಚಹಾ ಆಯ್ತೇನ?” ಎಂದು ಕೂಗುತ್ತಿದ್ದಳು. “ಅಕ್ಕ ಅನ್ನೋ ಮಾತದು ಅಮ್ಮಾ, ನಾ ನಿಮಗ ಅಕ್ಕ ಹ್ಯಾಂಗ ಆದೆ?” ಎಂದು ಅವರು ಕೇಳಿದರೆ, “ನೌಕರಿ ಮಾಡೋರು ದೊಡ್ಡವರs” ಎನ್ನುವುದು ಅಜ್ಜಿಯ ಉತ್ತರ.

ಹೋದ ತಿಂಗಳು ಆಪಾ ಮನೆ ಖಾಲಿ ಮಾಡಿ ಬೀದರಿಗೆ, ಅದೇ ತಂಗಿಯ ಮನೆಗೆ ಹೋದರು. ಅಲ್ಲಿ ಆರೋಗ್ಯವಾಗಿದ್ದಾರೆ, ಮೊಮ್ಮಕ್ಕಳಂಥ ಮಕ್ಕಳಿದ್ದಾವೆ, ಗೋಡೆಯ ಒಂದು ಭಾಗಕ್ಕೆ ಆಗಲೇ ಕರಿ ಬಣ್ಣ ಬಳಿಸಿದ್ದಾರಂತೆ. ಆದರೂ ಅವರ ಬಗ್ಗೆ ಬರೆಯಲು ಕೂತರೆ ವಾಕ್ಯಗಳೆಲ್ಲ ‘ಇದ್ದರು’, ‘ಮಾಡುತ್ತಿದ್ದರು’ ಎಂದೇ ಮುಗಿಯುತ್ತಿವೆ. ಓದಿದರೆ ಬೈಯುತ್ತಾರೆ. ಬೈಯಲಿ.

ಇಲ್ಲಿಯ ಮನೆಯ ಅಂಗಳದಲ್ಲಿಯೂ ಅಂಥದೇ ಒಂದು ಕರಿ ಗೋಡೆ. ಸಂಜೆ ಶಾಲೆ ಬಿಟ್ಟ ಮೇಲೆ ಓಣಿಯ ಮಕ್ಕಳು, ಅವರ ಜೊತೆ ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿದ್ದ ಮಕ್ಕಳು ಅಲ್ಲಿ ಸೇರುತ್ತಿದ್ದರು. ಆಪಾ ಮೊದಲು ಒಂದು ಮನೆ ಬರೆಯುತ್ತಿದ್ದರು: ಎರಡು ಗೋಡೆ, ಮೇಲೊಂದು ಮಾಳಿಗೆ, ನಡುವೆ ಬಾಗಿಲು. ಬಾಗಿಲ ಮೇಲೆ ನೀಲಿಯಲ್ಲಿ ಮೂರೋ ನಾಲ್ಕೋ ಇಂಗ್ಲಿಷ್ ಅಕ್ಷರ. ಅದು ಆ ಮನೆಯ ಅಡ್ಡಹೆಸರು. ಆ ಅಕ್ಷರಗಳು ಒಟ್ಟಿಗೆ ಎಲ್ಲೆಲ್ಲಿ ಬರುತ್ತವೋ ಆ ಪದಗಳೆಲ್ಲ ಒಳಗೆ. ಎಲ್ಲ ಪದಕ್ಕೂ ಸಮಾನವಾದ ಅಕ್ಷರ ನೀಲಿ, ಉಳಿದದ್ದು ಬಿಳಿ. ಅವರು ಅದನ್ನು ‘ಮನಿತನ’ ಎಂದೇ ಕರೆಯುತ್ತಿದ್ದರು. “ಇವತ್ತು ಯಾರ ಮನಿತನ?” ಎಂದು ಕೇಳುತ್ತಲೇ ಮಕ್ಕಳು ಒಳಗೆ ಬರುತ್ತಿದ್ದವು.

ಇ, ಎ, ಆರ್ ಎಂಬ ಮೂರು ಅಕ್ಷರದ ಮನಿತನ ನನಗೆ ಇಂದಿಗೂ ಬಾಯಿಪಾಠ.

“ಈ ಮನಿ ಯಜಮಾನ ಇಯರ್, ಕಿವಿ. ಹಿಯರ್ ಅಂದ್ರ ಕೇಳೋದು, ಹಿರಿ ಮಗ, ಅಪ್ಪನ ಧಂಧೇನೇ ಹಿಡಿದಾನ. ನಿಯರ್ ಅಂದ್ರ ಹತ್ತಿರ. ಎಷ್ಟು ಹತ್ತಿರ? ಕರದ್ರ ಕೇಳೋವಷ್ಟು. ಫಿಯರ್ ಅಂದ್ರ ಅಂಜಿಕಿ. ಕತ್ತಲದಾಗ ಅಂಜಿಕಿ ಕಣ್ಣಿಂದ ಬರ್ತದೇನು? ಸಪ್ಪಳ ಕೇಳಿ ಬರ್ತದ. ಅದಕ್ಕ ಅದೂ ಇದೇ ಮನ್ಯಾಗ.”

ಅಣ್ಣನ ಜೊತೆ ಹಾಸ್ಟೆಲಿನಲ್ಲಿದ್ದ ಒಬ್ಬ ಹುಡುಗ ಎದ್ದು ನಿಂತ. “ಟಿಯರ್ ಅಂದ್ರ ಕಣ್ಣೀರು ಅಂದ್ರಿ. ಕಣ್ಣೀರಿಗೂ ಕಿವಿಗೂ ಏನ್ರಿ ಸಂಬಂಧ?”

“ಅಂಗಾತ ಮಲ್ಕೊಂಡು ಅತ್ತು ನೋಡು. ಎಲ್ಲಿಗೆ ಹೋತು, ನಾಳಿಗೆ ಬಂದು ಹೇಳು.”

ಮರುದಿನ ಅವನು ಬಂದ. “ಕಿವ್ಯಾಗ ಹೋತ್ರಿ ಆಪಾ.”

“ಅಳು ಹ್ಯಾಂಗ ಬಂತು?”

“ನಮ್ಮಣ್ಣ ಹೊಡದ್ನಿರಿ.”

“ಶಾಭಾಶ್. ನಿಮ್ಮಣ್ಣಗೂ ಇಂಗ್ಲಿಷ್ ಬರ್ತದ ಅನ್ನು.”

ಹಾರ್ಟ್, ಅಂದರೆ ಎದೆ, ಅದರ ನಡುವಿನಲ್ಲಿಯೇ ಆ ಮೂರು ಅಕ್ಷರ. “ಕಿವಿ ಇಲ್ಲದ ಎದಿ ಎದಿ ಅಲ್ಲ,” ಎನ್ನುತ್ತಿದ್ದರು. ಲರ್ನ್, ಕಲಿಯುವುದು: ಕಿವಿ ಇದ್ದವರಿಗೆ ಮಾತ್ರ. ಪರ್ಲ್, ಮುತ್ತು: ಕಿವಿಯಲ್ಲಿ ಜೋತುಬೀಳುವುದು. ಬರವಣಿಗೆಯಲ್ಲಿ ಆ ಮೂರು ಅಕ್ಷರ ಒಂದೇ. ಬಾಯಿಗೆ ಬಂದಾಗ ಒಂದೊಂದು ಪದದಲ್ಲಿ ಒಂದೊಂದು ದನಿ. “ಒಂದೇ ತಾಯಿ ಮಕ್ಕಳು ಎಲ್ಲರೂ ಒಂದೇ ಗುಣ ಇರ್ತಾರೇನು?” ಎಂದು ಅದನ್ನೂ ದಾಟಿಸುತ್ತಿದ್ದರು.

ಐ, ಸಿ, ಇ ಮನಿತನದ ಯಜಮಾನ ಐಸ್, ಮಂಜುಗಡ್ಡೆ. ರೈಸ್, ಅಕ್ಕಿ, ಅದರ ಸೊಸೆ. “ಕಾಲುವಿ ನೀರು ತಣ್ಣಗ ಬರ್ಲಿಲ್ಲಂದ್ರ ಭತ್ತ ಎಲ್ಲಿ ಬೆಳೀಬೇಕು?” ಆಫೀಸ್, ಪೊಲೀಸ್, ಜಸ್ಟಿಸ್, ಮೂರರಲ್ಲೂ ಐಸ್ ಇರುವುದನ್ನು ತೋರಿಸಿ, “ಅದಕ್ಕs ಅಲ್ಲಿ ಎಲ್ಲಾ ಹೆಪ್ಪುಗಟ್ಟಿ ಕುಂತಿರ್ತದ,” ಎಂದು ಗಂಭೀರವಾಗಿ ಹೇಳುತ್ತಿದ್ದರು. ಆ ಹೊತ್ತಿನಲ್ಲಿ ತಹಶೀಲ್ ಆಫೀಸಿನಲ್ಲಿ ಗುಮಾಸ್ತರಾಗಿದ್ದ ನಮ್ಮ ಸೋದರಮಾವ ನಮ್ಮ ಅಂಗಳದಲ್ಲಿ ಕೂತಿದ್ದರೆ ಗೋಡೆಯಾಚೆಗೆ ಕೇಳುವಂತೆ ಕೆಮ್ಮುತ್ತಿದ್ದರು. “ಕೆಮ್ಮಿನ ಮನಿತನ ಬ್ಯಾರೇ ಅದ್ರಿ ಸಾಹೇಬ್ರ, ಅದು ಮುಂದಿನ ವಾರ,” ಎಂದು ಆಪಾ ಈ ಕಡೆಯಿಂದ ಹೇಳುತ್ತಿದ್ದರು.

ಹೊಸ ಪದ ತಂದ ಮಗುವಿಗೆ ಒಂದು ಶಾಸ್ತ್ರವಿತ್ತು. ಮದುಮಗಳನ್ನು ಮನೆ ತುಂಬಿಸಿಕೊಳ್ಳುವಂತೆ ಪದವನ್ನೂ ತುಂಬಿಸಿಕೊಳ್ಳಬೇಕು. ಮಗು ಹೊಸ್ತಿಲಾಚೆ ನಿಂತು ಪದ ಹೇಳಬೇಕು, ಬಲಗಾಲು ಒಳಗಿಡುತ್ತ ಅರ್ಥ ಹೇಳಬೇಕು. ಅರ್ಥವನ್ನು ತನ್ನ ಮನೆಯ ಮಾತಿನಲ್ಲೇ ಹೇಳಬೇಕು. ಕನ್ನಡದವರು ಅಕ್ಕಿ, ಮುಸ್ಲಿಮರ ಮಕ್ಕಳು ಚಾವಲ್, ಗುರುಮಠಕಲ್ ಕಡೆಯಿಂದ ಬಂದ ತೆಲುಗಿನವರು ಬಿಯ್ಯಂ. ಆಮೇಲೆ ಆಪಾ “ಪಕ್ಕಾ?” ಎಂದು ಕೇಳುತ್ತಿದ್ದರು. ಈ ಒಂದು ಮಾತಿಗೆ ಎಲ್ಲರೂ ಅಂಜುತ್ತಿದ್ದೆವು. ಕಣ್ಣು ಅತ್ತಿತ್ತ ಆಡಿಸಿದರೆ ಪದ ಹೊರಗೆ. “ಪಕ್ಕಾ ರಿ” ಎಂದು ನೇರ ನೋಡಿ ಹೇಳಿದರೆ ನಾಲಿಗೆಯ ಮೇಲೆ ಒಂದು ಚಿಟಿಕೆ ಸಕ್ಕರೆ, ಗೋಡೆಯ ಮೇಲೆ ಪದಕ್ಕೆ ಜಾಗ. ಬಾಯಿಂದ ಮಾತು ಹೊರಡಿಸಲು ಕಷ್ಟಪಡುತ್ತಿದ್ದ ನಾನು ಆ ಸಕ್ಕರೆಗಾಗಿ ಎಷ್ಟೋ ಪದ ತುಂಬಿಸಿಕೊಂಡಿದ್ದೇನೆ.

ತಪ್ಪೆಂದರೆ ಆಪಾಗೆ ಆಗುತ್ತಿರಲಿಲ್ಲ, ತಮ್ಮದಾದರಂತೂ ಇನ್ನೂ ಆಗುತ್ತಿರಲಿಲ್ಲ. ಕಿವಿಯ ಮನಿತನದಲ್ಲಿ ಪೇರ್ ಎಂಬ ಹಣ್ಣೂ ಇತ್ತು. ಅದಕ್ಕೆ ಅವರು ಎಷ್ಟೋ ವರ್ಷ ಪೇರಲ ಎಂದೇ ಅರ್ಥ ಹೇಳುತ್ತಿದ್ದರು. ಶಹಾಪುರದಲ್ಲಿ ಯಾರನ್ನು ಕೇಳಿದರೂ ಹಾಗೆಯೇ ಹೇಳುತ್ತಿದ್ದರು. ಹೆಸರೇ ಹಾಗಿದೆ, ಹಣ್ಣು ಪೇಟೆಯ ತುಂಬ ಇದೆ, ಇನ್ನೇನು ಬೇಕು? ಒಮ್ಮೆ ಹೈದರಾಬಾದಿನಿಂದ ಬಂದ ಅವರ ತಮ್ಮ ಒಂದು ಹಣ್ಣಿನ ಪೆಟ್ಟಿಗೆ ತಂದ. ಮೇಲೆ ಇಂಗ್ಲಿಷಿನಲ್ಲಿ ಪೇರ್ ಎಂದು ಬರೆದಿತ್ತು. ಒಳಗೆ ಕುತ್ತಿಗೆ ಉದ್ದವಾದ, ಅವರು ಮನೆಯಲ್ಲಿ ನಾಶ್‌ಪಾತಿ ಎನ್ನುತ್ತಿದ್ದ ಹಣ್ಣು. ಆಪಾ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತರು. ಆಮೇಲೆ ಹಣ್ಣುಗಳನ್ನು ತೆಳ್ಳಗೆ ಹೆಚ್ಚಿ, ತಾಟಿನಲ್ಲಿ ಹಾಕಿ, ಮೇಲೊಂದು ಬಟ್ಟೆ ಮುಚ್ಚಿ, ಕಲಿತ ಮಕ್ಕಳ ಮನೆಮನೆಗೆ ಹೋದರು.

“ಬಾಯಿ ತೆಗಿ. ಇದು ಪೇರ್. ಪೇರಲ ಅಲ್ಲ. ನಾ ತಪ್ಪು ಹೇಳಿದ್ದೆ.”

ಆಗಲೇ ಲಗ್ನವಾಗಿ, ತವರಿಗೆ ಬಂದಿದ್ದ ಒಬ್ಬ ಹಳೆಯ ವಿದ್ಯಾರ್ಥಿನಿಯ ಬಾಯಿಗೂ ಒಂದು ಹೋಳು ಬಿತ್ತು. ಅವಳನ್ನು ಕರೆದೊಯ್ಯಲು ಬಂದಿದ್ದ ಅತ್ತೆ “ಇದೇನ್ರಿ ಹೊಸಾ ಪದ್ಧತಿ?” ಎಂದರೆ, “ಹಳೇ ತಪ್ಪುರಿ,” ಎಂದು ಆಪಾ ಮುಂದಿನ ಮನೆಗೆ ನಡೆದರು.

ನಾನು ಇಂಗ್ಲಿಷ್ ಎಂ.ಎ. ಓದಲು ಕಲಬುರಗಿಗೆ ಹೋದೆ. ಅಲ್ಲಿ ಭಾಷೆಯ ಇತಿಹಾಸದ ತರಗತಿಯಲ್ಲಿ ಒಂದು ದಿನ ನಮ್ಮ ಅಧ್ಯಾಪಕಿ ಬೋರ್ಡಿನ ಮೇಲೆ ಮರದ ಹಾಗೆ ಗೆರೆ ಎಳೆದು, ಪದಗಳು ಯಾವ ಯಾವ ಬೇರಿನಿಂದ ಬಂದವು ಎಂದು ತೋರಿಸಿದರು. ನಾನು ಹಾಸ್ಟೆಲಿಗೆ ಬಂದು ನಿಘಂಟು ತೆಗೆದು, ಆಪಾ ಕಟ್ಟಿದ ಒಂದೊಂದೇ ಮನೆಯನ್ನು ಹೊಕ್ಕು ನೋಡಿದೆ. ಹಾರ್ಟ್ ಒಂದು ಬೇರು, ಇಯರ್ ಇನ್ನೊಂದು. ಪರ್ಲ್ ಫ್ರೆಂಚಿನ ಹಾದಿ ಹಿಡಿದು ಬಂದದ್ದು. ಐಸ್‌ಗೂ ರೈಸ್‌ಗೂ ಏನೂ ಸಂಬಂಧವಿಲ್ಲ. ಒಂದೇ ಅಕ್ಷರಗಳು ಸಾಲಾಗಿ ಬಂದದ್ದು ಬಹುಮಟ್ಟಿಗೆ ಬರವಣಿಗೆಯ ಆಕಸ್ಮಿಕ. ನಿಘಂಟು ಮುಚ್ಚಿಟ್ಟೆ. ಆಪಾ ಹೇಳಿದ್ದು ಕಥೆ, ನೆನಪಿಗಾಗಿ ಕಟ್ಟಿದ್ದು, ಅವರಿಗೂ ಅದು ಗೊತ್ತಿರುತ್ತದೆ ಎಂದುಕೊಂಡೆ. ಓದು ಮುಗಿಸಿ ಸುರಪುರದ ಕಾಲೇಜಿನಲ್ಲಿ ಪಾಠ ಮಾಡಲು ಶುರುಮಾಡಿದೆ. ಶಹಾಪುರದಿಂದ ದಿನವೂ ಬಸ್ಸು. ಸಂಜೆ ಇಳಿದು ಬರುವಾಗ ಗೋಡೆಯಾಚೆ ಮಕ್ಕಳ “ಪಕ್ಕಾ ರಿ” ಕೇಳುತ್ತಿತ್ತು.

ಆಪಾ ನಿವೃತ್ತರಾದ ವರ್ಷ ಹಳೆಯ ವಿದ್ಯಾರ್ಥಿಗಳು ಸೇರಿ, ಮನಿತನಗಳನ್ನೆಲ್ಲ ಒಂದು ಪುಸ್ತಕ ಮಾಡಿಸಬೇಕೆಂದು ಹಟ ಹಿಡಿದರು. ಹಳ್ಳಿಯ ಶಾಲೆಗಳಿಗೆ ಹಂಚುವುದು ಅವರ ಆಸೆ. ಆಪಾ ಒಂದು ಬೇಸಿಗೆ ಪೂರ್ತಿ ಕೂತು ಬರೆದರು. ಯಾದಗಿರಿಯ ಒಂದು ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸಿ ಪ್ರೂಫ್ ಕಳಿಸಿದರು. ಅದನ್ನು ತಂದು ನನ್ನ ಕೈಗಿಟ್ಟ ದಿನ ಆಪಾ ಹೊಸ ಸೀರೆ ಉಟ್ಟಿದ್ದರು.

“ನೀ ಓದಿದಾಕಿ. ನೋಡು, ಏನರ ತಪ್ಪಿದ್ರ ಹೇಳು. ಹುಡುಗೂರ ಕೈಗೆ ತಪ್ಪು ಹೋಗಬಾರದು ಬೇಟಾ. ಈ ಸಲ ತಾಟು ಹಿಡ್ಕೊಂಡು ಎಷ್ಟು ಊರಿಗೆ ಹೋಗ್ಲಿ?”

ಮೊದಲ ಪುಟದಲ್ಲೇ ಅವರ ಮುನ್ನುಡಿ. ಒಂದೇ ಅಕ್ಷರಗುಂಪು ಇರುವ ಪದಗಳೆಲ್ಲ ಒಂದೇ ತಾಯಿಯ ಮಕ್ಕಳು, ಇದು ನಾನು ಕಲಿಸುತ್ತ ಕಲಿಸುತ್ತ ಕಂಡುಕೊಂಡ ಸತ್ಯ ಎಂದು ಬರೆದಿದ್ದರು. ಕಥೆ ಎಂದು ಎಲ್ಲೂ ಇರಲಿಲ್ಲ. ಅವರು ಅದನ್ನು ನಂಬಿದ್ದರು.

ಕಾಗುಣಿತದ ತಪ್ಪುಗಳನ್ನು ತಿದ್ದುತ್ತ ಎರಡು ಸಲ ಓದಿದೆ. ಅವ್ವ ನನ್ನ ಮುಖ ನೋಡಿ ವಿಚಾರಿಸಿದಳು. ಹೇಳಿದೆ.

“ಎಷ್ಟು ತಪ್ಪು ಅದಾವ?”

“ತಪ್ಪು ಬುಡದಾಗೇ ಅದ ಅವ್ವ.”

“ಹಂಗಾರ ಸುಮ್ನಿರು. ಮ್ಯಾಲಿನ ಮಾಳಿಗಿ ಸೋರಿದ್ರ ಹೇಳಬಹುದು. ಬುಡ ಹೋಗ್ಯದ ಅಂತ ಕಟ್ಟಿದಾಕಿಗೆ ಹ್ಯಾಂಗ ಹೇಳ್ತಿ? ನಿವೃತ್ತಿ ಆದಾಕಿ, ಖುಷಿಲಿ ಅದಾಳ.”

ಅವ್ವ ಹೇಳಿದ್ದು ಸುಳ್ಳಲ್ಲ. ಆದರೆ ಆಪಾ ನನ್ನನ್ನು ಕೇಳಿದ್ದರು. ಅದೂ ಅಲ್ಲದೆ, ಪೇರ್ ಹಣ್ಣಿನ ಹೋಳು ತಿಂದವರಲ್ಲಿ ನಾನೂ ಒಬ್ಬಳು.

ಸಂಜೆ ಪ್ರೂಫ್ ಹಿಡಿದು ಹೋದಾಗ ಆಪಾ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ಮಕ್ಕಳಿಗೆ ಅಂದು ರಜೆ. ನಾನು ಎದುರು ಕೂತು ಕಾಗುಣಿತದ ತಪ್ಪುಗಳನ್ನು ತೋರಿಸಿದೆ. ಎಲ್ಲಕ್ಕೂ ಹೂಂ ಅಂದರು. ಪುಟ ಮುಗಿದರೂ ನಾನು ಏಳದ್ದನ್ನು ಕಂಡು ಕನ್ನಡಕ ಹಣೆಗೇರಿಸಿದರು.

“ಇನ್ನೂ ಏನೋ ಅದ.”

“ಮುನ್ನುಡಿ ರಿ. ಈ ಪದ ಒಂದೇ ತಾಯಿ ಮಕ್ಕಳಲ್ಲ ಆಪಾ. ಬ್ಯಾರೆ ಬ್ಯಾರೆ ಕಡಿಯಿಂದ ಬಂದಾವ. ಬರೆಯೋದರಾಗ ಅಕ್ಷರ ಕೂಡ್ಯಾವ, ಅಷ್ಟೇ.”

ಅವರ ಬೆರಳು ಬೇಳೆಯ ನಡುವೆ ನಿಂತಿತು. “ಹಾರ್ಟ್?”

“ಅಲ್ಲರಿ.”

“ಪರ್ಲ್, ಲರ್ನ್?”

“ಅವೂ ಅಲ್ಲರಿ.”

“ಹಿಯರ್? ಕೇಳೋದರಾಗ ಕಿವಿ ಇರೋದು ಸುಳ್ಳೇನು?”

“ಅದಕ್ಕೂ ಗಟ್ಟಿ ಪುರಾವೆ ಇಲ್ಲರಿ.”

“ಪಕ್ಕಾ?”

ನೇರ ನೋಡಿದೆ. “ಪಕ್ಕಾ ರಿ.”

ಆಪಾ ಮೊರ ಕೆಳಗಿಟ್ಟು ಎದ್ದು ಒಳಗೆ ಹೋದರು. ಮಸೀದಿಯಿಂದ ಅಜಾನ್ ಕೇಳಿಸಿತು. ನಮಾಜು ಮುಗಿಯುವವರೆಗೆ ನಾನು ಕಟ್ಟೆಯ ಮೇಲೆಯೇ ಕೂತಿದ್ದೆ. ಅರ್ಧ ಹಸನಾದ ಬೇಳೆಯನ್ನು ಮುಟ್ಟಬೇಕೋ ಬಿಡಬೇಕೋ ತಿಳಿಯಲಿಲ್ಲ. ಹೊರಗೆ ಬಂದಾಗ ಅವರ ಮುಖ ಬಿಗಿದಿತ್ತು.

“ಯಾವಾಗಿಂದ ಗೊತ್ತದ ನಿನಗ?”

“ಕಲಬುರಗ್ಯಾಗ ಓದೋ ಮುಂದ.”

“ಮತ್ತ ಇಷ್ಟು ದಿನ?”

“ಇಷ್ಟು ದಿನ ನೀವು ಕೇಳಿರಲಿಲ್ಲ. ಕಥಿ ಅಂತ ನಿಮಗೂ ಗೊತ್ತದ ಅಂದ್ಕೊಂಡಿದ್ದೆ.”

ಅವರು ನನ್ನನ್ನೇ ನೋಡಿದರು. “ನಂಗ್ ಗೊತ್ತಿರಲಿಲ್ಲ,” ಎಂದರು. ಪ್ರೂಫ್ ಹಾಳೆಗಳನ್ನು ಒಟ್ಟುಮಾಡುತ್ತ, “ಪ್ರೆಸ್ಸಿನವರಿಗೆ ಫೋನ್ ಮಾಡ್ತೀನಿ. ನಕ್ಕೋ, ಬ್ಯಾಡ. ಪುಸ್ತಕ ಬ್ಯಾಡ.”

ನಾನು ಏನಾದರೂ ಹೇಳಬೇಕಿತ್ತು. ಸಮಾಧಾನದ ಮಾತು ನನಗೆ ಬರುವುದಿಲ್ಲ. ಗೊತ್ತಿದ್ದುದನ್ನೇ ಹೇಳಿದೆ. “ರೈಸ್ ಅದಲ್ರಿ ಆಪಾ, ಅದು ನಮ್ಮ ಕಡಿಯಿಂದಲೇ ಹೊಂಟು, ಗ್ರೀಕರು, ಇಟಲಿಯವರು, ಫ್ರೆಂಚರು ಅಂತ ಊರೂರು ತಿರುಗಿ ಇಂಗ್ಲಿಷಿಗೆ ಬಂದು ಸೇರ್ಯದ ಅಂತ ಕೆಲವರು ಹೇಳ್ತಾರ. ಐಸ್ ಮಾತ್ರ ಅಲ್ಲೇ ಹುಟ್ಟಿ ಬೆಳೆದದ್ದು.”

ಅಷ್ಟರಲ್ಲಿ ಎದುರು ಮನೆಯ ಅರಳೆ ವ್ಯಾಪಾರಿಗಳ ಸೊಸೆ ಬಟ್ಟಲು ಹಿಡಿದು ಬಂದಳು. “ಆಪಾ, ಒಂದು ಚೂರು ಹೆಪ್ಪು ಕೊಡ್ರಿ. ನಮ್ಮತ್ತಿ ಎಲ್ಲಾ ಮೊಸರು ಮಜ್ಜಿಗಿ ಮಾಡ್ಯಾಳ.”

“ನಿಮ್ಮತ್ತಿಗೆ ಹೇಳು, ಈ ವಾರ ಇದು ಮೂರನೇ ಸಲ.”

“ಹೇಳಿದ್ರ ನಾಲ್ಕನೇ ಸಲ ಆಕೀನs ಬರ್ತಾಳ್ರಿ.”

ಆಪಾ ಒಳಗಿಂದ ಒಂದು ಚಮಚ ಮೊಸರು ತಂದು ಬಟ್ಟಲಿಗೆ ಹಾಕಿದರು. ಅವಳು ಸೆರಗು ಮುಚ್ಚಿಕೊಂಡು ಓಣಿ ದಾಟಿದಳು. ಆಪಾ ಬಾಗಿಲಲ್ಲಿಯೇ ನಿಂತು ಅವಳು ಒಳಗೆ ಹೋಗುವವರೆಗೂ ನೋಡುತ್ತಿದ್ದರು. ಕೈಯಲ್ಲಿ ಖಾಲಿ ಚಮಚ.

“ಈಕಿ ನನಗೇನಾಗಬೇಕು?” ಎಂದರು.

ನನಗೆ ಅರ್ಥವಾಗಲಿಲ್ಲ. “ಏನಿಲ್ಲರಿ. ಎದುರು ಮನಿಯಾಕಿ.”

“ಆಕಿ ಜಾತಿ ಬ್ಯಾರೆ, ನಂದು ಬ್ಯಾರೆ. ಆಕಿ ತವರು ಸುರಪುರ, ನಮ್ಮ ಅಜ್ಜ ಬಂದದ್ದು ಬೀದರ ಕಡಿಯಿಂದ. ಆದ್ರ ನಮ್ಮನಿ ಹೆಪ್ಪು ಇಲ್ಲದ ಇವತ್ತು ಆಕಿ ಮನಿ ಹಾಲು ಮೊಸರಾಗಂಗಿಲ್ಲ. ಹೌದಲ್ಲ?”

“ಹೌದ್ರಿ.”

“ಈ ಪದಾನೂ ಹಂಗs. ಒಂದು ಅಲ್ಲೇ ಹುಟ್ಟಿದ್ದು, ಇನ್ನೊಂದು ನಮ್ಮ ಕಡಿಯಿಂದ ಹೋಗಿ ಬಾಜೂಕ ಮನಿ ಹಿಡಿದದ್ದು.” ಅವರ ದನಿ ತರಗತಿಯ ದನಿಯಾಗುತ್ತಿತ್ತು. “ಮನಿತನ ಅಲ್ಲ ಬೇಟಾ. ಓಣಿ. ನಾ ಓಣೀನ ಮನಿತನ ಅಂದ್ಕೊಂಡಿದ್ದೆ.”

ಬೇಳೆ ಹಾಗೆಯೇ ಉಳಿಯಿತು. ಆಪಾ ದೀಪ ಹಾಕಿ, ಪ್ರೂಫ್ ಹಾಳೆಗಳನ್ನು ಚಾಪೆಯ ಮೇಲೆ ಹರಡಿಕೊಂಡು, ಪೆನ್ನು ಹಿಡಿದು ಕೂತರು. ತಾಯಿ, ಮಕ್ಕಳು, ಸೊಸೆ, ಅಳಿಯ ಎಂದು ಇದ್ದಲ್ಲೆಲ್ಲ ಗೀಟು ಹಾಕಿದರು. ಎದುರು ಮನಿ, ಬಾಜೂಕ ಮನಿ, ಮೂಲಿ ಮನಿ, ಬಾಡಿಗೆ ಮನಿ ಎಂದು ಬರೆದರು. ರೈಸ್‌ಗೆ ಬಂದಾಗ “ಇದಕ್ಕೊಂದು ಪುಟ ಬೇಕು,” ಎಂದು ನನ್ನಿಂದ ಹಾದಿಯ ವಿವರವೆಲ್ಲ ಕೇಳಿ ಬರೆದುಕೊಂಡರು. ಪ್ರತಿಯೊಂದಕ್ಕೂ “ಪಕ್ಕಾ?” ಎರಡು ಕಡೆ ನನಗೆ ಪಕ್ಕಾ ಇರಲಿಲ್ಲ, ಮನೆಗೆ ಓಡಿ ನಿಘಂಟು ತಂದೆ. ರೈಟ್ ಮತ್ತು ಅಪ್‌ರೈಟ್ ನಿಜವಾಗಿಯೂ ಒಂದೇ ಮನೆಯವು ಎಂದು ತಿಳಿದಾಗ, “ಓಣ್ಯಾಗ ಅಣ್ಣತಮ್ಮರೂ ಇರ್ತಾರ, ಇರಲಿ,” ಎಂದು ಖುಷಿಪಟ್ಟರು.

ಮುನ್ನುಡಿಯಲ್ಲಿ ನಾನು ‘ಈ ಪದಗಳ ನಡುವೆ ಸಂಬಂಧವಿಲ್ಲ’ ಎಂದು ಬರೆಯಹೋದೆ. ಆಪಾ ನನ್ನ ಕೈ ಹಿಡಿದರು.

“ಸಂಬಂಧ ಇಲ್ಲ ಅಂತ ಬರೀಬ್ಯಾಡ. ರಕ್ತಸಂಬಂಧ ಇಲ್ಲ ಅಂತ ಬರಿ.”

ಯೋಚಿಸಿದೆ. ಹಾಗೆ ಬರೆದರೆ ತಪ್ಪಿರಲಿಲ್ಲ. ಹಾಗೆಯೇ ಬರೆದೆ.

“ಮತ್ತ ಹಾರ್ಟ್‌ನ ಮಾತು? ಕಿವಿ ಇಲ್ಲದ ಎದಿ?” ಎಂದು ಕೇಳಿದೆ. ಅದನ್ನು ತೆಗೆಯಲು ನನಗೇ ಮನಸ್ಸಿರಲಿಲ್ಲ.

“ಇರಲಿ. ಮ್ಯಾಲ ‘ಇದು ಆಪಾ ಹೇಳೋ ಕಥಿ’ ಅಂತ ಹಾಕು. ಕಥಿ ಅಂತ ಹೇಳಿ ಹೇಳಿದ್ರ ಸುಳ್ಳಾಗಂಗಿಲ್ಲ.”

ಹೊರಡುವಾಗ ನಾಳೆ ಬೆಳಿಗ್ಗೆ ತಾವೇ ಯಾದಗಿರಿಗೆ ಹೋಗುವುದಾಗಿ ಅಂದರು. ಅವರ ಮೊಣಕಾಲು ನೋಯುತ್ತಿತ್ತು, ಬಸ್ಸು ಸಿಗುವವರೆಗೆ ನಿಲ್ಲಬೇಕು. ನಾನು ಹೋಗುತ್ತೇನೆ ಎಂದೆ. “ನೀನೇನು? ಪ್ರೆಸ್ಸಿನವರ ಕೂಡ ಮಾತಾಡಬೇಕಾಗ್ತದ,” ಎಂದು ನಕ್ಕರು. ಹಾಗೆಂದರೂ ಹಾಳೆಗಳನ್ನು ನನ್ನ ಕೈಗೇ ಕೊಟ್ಟರು.

ಮರುದಿನ ಬೆಳಿಗ್ಗೆ ಸುರಪುರದ ಬಸ್ಸು ಬಿಟ್ಟು, ಕಾಲೇಜಿಗೆ ರಜೆ ಹೇಳಿ, ಯಾದಗಿರಿಯ ಬಸ್ಸು ಹತ್ತಿದೆ. ಪ್ರೆಸ್ಸಿನ ಬಾಗಿಲು ಆಗಷ್ಟೇ ತೆಗೆದಿತ್ತು. ಕಂಪ್ಯೂಟರಿನ ಮುಂದೆ ಕೂತಿದ್ದ ಹೆಂಗಸು ಹಾಳೆಗಳನ್ನು ತಿರುವಿ, ಗೀಟುಗಳನ್ನು ನೋಡಿ, “ಅಯ್ಯ, ಟೀಚರ್ ಪುಸ್ತಕಾನೇ ಬದಲಿ ಮಾಡ್ಯಾರಲ್ರಿ. ಇಷ್ಟೆಲ್ಲಾ ತಿದ್ದಬೇಕಂದ್ರ ಮನಿಯವರು ಯಾರರ ಕುಂತು ಓದಿ ಹೇಳಬೇಕು. ನೀವು ಅವರಿಗೇನಾಗಬೇಕ್ರಿ, ಮಗಳೇನು?” ಎಂದು ಕೇಳಿದಳು.

“ಬಾಜೂಕ ಮನಿಯಾಕಿ ರಿ,” ಎಂದೆ.

ಅವಳು ಇನ್ನೊಂದು ಕುರ್ಚಿ ಎಳೆದು ಪಕ್ಕಕ್ಕೆ ಹಾಕಿದಳು. ನಾನು ಕೂತು, ಮುಖಪುಟದಲ್ಲಿ ‘ಮನಿತನ’ ಹೋಗಿ ‘ಓಣಿ’ ಆಗಿದ್ದ ಹೆಸರಿನಿಂದಲೇ ಓದಿ ಹೇಳತೊಡಗಿದೆ.